ಕೈ ಜೋಮು ಅಂದವರ ಕೈಯನ್ನು ಮೊದಲು ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯ, ಮೈಸೂರು ಕಡೆಯ ಡಾಕ್ಟರುಗಳಿಗೂ, ರಾತ್ರಿ ಕೈ ಜೋಮು ಹಿಡಿದು ಎದ್ದು ಕೂರುವ ನಿಮ್ಮ ಓದುಗರಿಗೂ ಒಟ್ಟಿಗೆ ಮುಟ್ಟಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿಸಲೇಬೇಕು ಅನ್ನಿಸಿದರೆ ಪರೀಕ್ಷೆಗಳ ಭಾಗವನ್ನಾದರೂ ಹಾಗೇ ಉಳಿಸಿ.

ನಾನು ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಕೈ ಜೋಮಿನವರು ಜಾಸ್ತಿ. ಟೈಲರಿಂಗ್ ಮಾಡುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಮೈಸೂರಲ್ಲಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವವರು, ಎರಡು ಹೊತ್ತೂ ಕೈಯಲ್ಲೇ ಹಾಲು ಕರೆದು ಡೇರಿಗೆ ಹಾಕುವವರು, ಕಬ್ಬು ಕಡಿಯುವವರು, ದಿನ ತುಂಬುತ್ತಿರುವ ಬಸುರಿಯರು. ಬರುವಾಗ ಕೈಯಲ್ಲಿ ಒಂದು ದೊಡ್ಡ ಕವರ್ ಇರುತ್ತದೆ. ಅದರಲ್ಲಿ ಕತ್ತಿನ ಎಂಆರ್‌ಐ, ಎಕ್ಸ್‌ರೇ, ರಕ್ತದ ರಿಪೋರ್ಟು, ನರಕ್ಕೆ ಶಕ್ತಿ ಬರಲಿ ಎಂದು ಕೊಟ್ಟ ಇಂಜೆಕ್ಷನ್ನಿನ ಚೀಟಿ. ಇಷ್ಟೆಲ್ಲ ಇದ್ದರೂ ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ಬರೆದ ಒಂದು ಸಾಲು ಇರುವುದಿಲ್ಲ. ಯಾರೂ ಕೇಳಿರುವುದೇ ಇಲ್ಲ!

ಇದು ಯಾವುದೋ ಅಪರೂಪದ ಕಾಯಿಲೆ ಅಲ್ಲ. ಕಾರ್ಪಲ್ ಟನೆಲ್ ಸಿಂಡ್ರೋಮ್ ಅನ್ನುತ್ತಾರೆ. ಮಣಿಕಟ್ಟಿನ ಒಳಭಾಗದಲ್ಲಿ ಒಂದು ಕಿರಿದಾದ ದಾರಿ ಇದೆ. ಕೆಳಗೆ ಮೂಳೆಗಳು, ಮೇಲೆ ಒಂದು ಗಟ್ಟಿ ಪಟ್ಟಿ. ಆ ದಾರಿಯಲ್ಲಿ ಬೆರಳು ಮಡಚುವ ಒಂಬತ್ತು ಹುರಿಗಳು, ಅವುಗಳ ಜೊತೆ ಮೀಡಿಯನ್ ಅನ್ನುವ ಒಂದು ನರ. ಒಳಗೆ ಊತ ಬಂದರೆ, ನೀರು ತುಂಬಿದರೆ ಎಲ್ಲಕ್ಕಿಂತ ಮೊದಲು ನಲುಗುವುದು ಈ ನರ, ತುಂಬಿದ ಬಸ್ಸಿನಲ್ಲಿ ಮೂಲೆಗೆ ಸಿಕ್ಕವರ ಹಾಗೆ. ಥೈರಾಯ್ಡ್ ಕಮ್ಮಿ ಇರುವವರಿಗೆ, ಶುಗರ್ ಇರುವವರಿಗೆ, ಕೀಲುವಾತದವರಿಗೆ, ಬಸುರಿಯರಿಗೆ, ಮೈ ತೂಕ ಜಾಸ್ತಿ ಇರುವವರಿಗೆ, ಕೈಗೆ ಬಲ ಹಾಕಿ ಒಂದೇ ಕೆಲಸ ಮತ್ತೆ ಮತ್ತೆ ಮಾಡುವವರಿಗೆ ಇದು ಬರುವುದು ಹೆಚ್ಚು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಈ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಕಿರುಬೆರಳು ಇದರದ್ದಲ್ಲ, ಅದಕ್ಕೆ ಬೇರೆ ನರ ಇದೆ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಉಂಗುರದ ಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧ ಜೋಮು, ಕಿರುಬೆರಳಿನ ಕಡೆಯ ಅರ್ಧ ಸರಿಯಾಗಿದೆ ಎಂದು ಯಾರಾದರೂ ತೋರಿಸಿದರೆ ನಾನು ತಕ್ಷಣ ಮಣಿಕಟ್ಟನ್ನು ಹಿಡಿದು ನೋಡುತ್ತೇನೆ. ಕತ್ತಿನಲ್ಲಿ ನರ ಒತ್ತಿ ಬರುವ ಜೋಮಿನಲ್ಲಿ ಒಂದೇ ಬೆರಳು ಹೀಗೆ ಎರಡು ಪಾಲಾಗುವುದು ಅಪರೂಪ. ಇನ್ನೊಂದು ವಿಷಯ. ಹೆಬ್ಬೆರಳ ಬುಡದ ಕಡೆಯ ಅಂಗೈ ಚರ್ಮಕ್ಕೆ ಹೋಗುವ ಕವಲು ಮಣಿಕಟ್ಟಿನ ದಾರಿಯೊಳಗೆ ಹೋಗುವುದಿಲ್ಲ, ಮುಂಚೆಯೇ ಬೇರೆಯಾಗಿ ಮೇಲಿನಿಂದ ಹೋಗುತ್ತದೆ. ಹಾಗಾಗಿ ಬೆರಳ ತುದಿ ಮರಗಟ್ಟಿದ್ದರೂ ಅಂಗೈನ ಆ ಭಾಗ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಹತ್ತಿಯ ಎಳೆ ಸೋಕಿಸಿದರೆ ಗೊತ್ತಾಗುತ್ತದೆ. ಇದಕ್ಕೆಲ್ಲ ಯಾವ ಮೆಷಿನ್ ಬೇಕು ಹೇಳಿ?

ರಾತ್ರಿಯ ಕತೆಯನ್ನೂ ಕೇಳಬೇಕು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡಿರುತ್ತದೆ, ಒಳಗೆ ಒತ್ತಡ ಏರುತ್ತದೆ, ನಡುರಾತ್ರಿ ಎಚ್ಚರ ಆಗುತ್ತದೆ. ಆಗ ಜನ ಏನು ಮಾಡುತ್ತಾರೆ? ಕೈ ಒದರುತ್ತಾರೆ. ಮಂಚದಿಂದ ಕೆಳಗೆ ಇಳಿಬಿಟ್ಟು ಒದರುತ್ತಾರೆ. "ರಾತ್ರಿ ಕೈ ಜೋಮು ಹಿಡಿದಾಗ ಏನು ಮಾಡ್ತೀರಮ್ಮ?" ಎಂದು ಕೇಳಿದರೆ ಬಾಯಲ್ಲಿ ಉತ್ತರ ಹೇಳುವುದಕ್ಕೆ ಮುಂಚೆ ಕೈ ಒದರಿ ತೋರಿಸುತ್ತಾರೆ. ಇದಕ್ಕೆ ಫ್ಲಿಕ್ ಸೈನ್ ಎಂದೇ ಹೆಸರಿದೆ, 1984ರಲ್ಲಿ ಪ್ರೈಸ್-ಫಿಲಿಪ್ಸ್ ಎಂಬ ವೈದ್ಯರು ಇದರ ಬಗ್ಗೆ ಬರೆದರು. ಅವರು ಹೇಳಿದಷ್ಟು ನೆಚ್ಚಿಕೊಳ್ಳಲು ಆಗುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ, ಆದರೂ ಕೇಳುವುದಕ್ಕೆ ಖರ್ಚೇನೂ ಇಲ್ಲ.

ನಮ್ಮ ಊರುಗಳಲ್ಲಿ ಈ ಜೋಮಿನ ಹಿಂದೆ ಒಂದು ದೊಡ್ಡ ಭಯ ಇದೆ. ಲಕ್ವ ಹೊಡೆಯುತ್ತದೆ ಅನ್ನುವ ಭಯ. ಎಡಗೈ ಆದರೆ ಹಾರ್ಟ್ ಅನ್ನುವ ಭಯ. ಮಲಗಿದರೆ ಏನಾಗುತ್ತದೋ ಎಂದು ಬೆಳಗಿನವರೆಗೆ ಕೂತೇ ಇರುವ ಅಮ್ಮಂದಿರನ್ನು ನೋಡಿದ್ದೇನೆ. ಲಕ್ವ ಇದ್ದಕ್ಕಿದ್ದಂತೆ ಬರುತ್ತದೆ, ಬಾಯಿ ಸೊಟ್ಟ ಆಗುತ್ತದೆ, ಮಾತು ತೊದಲುತ್ತದೆ, ಒಂದು ಕಡೆ ಕೈಕಾಲಿನ ಶಕ್ತಿ ಹೋಗುತ್ತದೆ. ಹಾಗಾದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಬೇಕು. ಎದೆ ಹಿಂಡಿ, ಬೆವರಿ, ನೋವು ಕೈಗೆ ಇಳಿದರೂ ಅಷ್ಟೇ. ಆದರೆ ತಿಂಗಳುಗಟ್ಟಲೆ ರಾತ್ರಿ ಮೂರು ಬೆರಳು ಜೋಮು ಹಿಡಿದು, ಒದರಿದರೆ ಸರಿಹೋಗುವುದು ಬೇರೆಯದೇ ವಿಷಯ. ಈ ಒಂದು ಮಾತನ್ನು ಕೈ ಹಿಡಿದು ಯಾರಾದರೂ ಹೇಳಿದರೆ ಅವರಿಗೆ ಅವತ್ತೇ ಅರ್ಧ ನಿದ್ದೆ ಬರುತ್ತದೆ.

ಈಗ ಪರೀಕ್ಷೆಗಳಿಗೆ ಬರುತ್ತೇನೆ.

ಎಲ್ಲರೂ ಕೇಳಿರುವುದು ಫೇಲನ್ ಪರೀಕ್ಷೆ. ಜಾರ್ಜ್ ಫೇಲನ್ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿದ್ದ ಕೈ ಸರ್ಜನ್. ಹದಿನೇಳು ವರ್ಷಗಳಲ್ಲಿ ತಾವು ನೋಡಿದ 654 ಕೈಗಳ ಬಗ್ಗೆ 1966ರಲ್ಲಿ ಬರೆದರು. ಮೊಣಕೈ ಮುಂದಿಟ್ಟು ಮುಂಗೈ ನೆಟ್ಟಗೆ ಎತ್ತಿ, ಕೈಗಳನ್ನು ಮಣಿಕಟ್ಟಿನಿಂದ ತಾವಾಗಿ ಜೋತು ಬೀಳಲು ಬಿಡಬೇಕು. 60 ಸೆಕೆಂಡ್ ಹಾಗೇ ಇರಬೇಕು. ಆ ಮೂರು ಬೆರಳುಗಳಲ್ಲಿ ಜುಮ್ ಅಂತ ಶುರುವಾದರೆ ಅದು ಪಾಸಿಟಿವ್. ಈಗ ಎರಡೂ ಹಿಂಗೈಗಳನ್ನು ಒಂದಕ್ಕೊಂದು ತಾಗಿಸಿ ಮಾಡಿಸುವುದು ರೂಢಿಯಲ್ಲಿದೆ.

ಇಷ್ಟು ಸುಲಭದ ಪರೀಕ್ಷೆಯನ್ನೂ ಅವಸರದಲ್ಲಿ ಕೆಡಿಸುತ್ತಾರೆ, ನನಗೆ ನಿಜವಾಗಿ ಸಂಕಟ ಆಗುವುದು ಅಲ್ಲೇ. ಹತ್ತು ಸೆಕೆಂಡ್ ಹಿಡಿದು "ಏನೂ ಇಲ್ಲ ಬಿಡಿ" ಅನ್ನುತ್ತಾರೆ. ಗಡಿಯಾರ ನೋಡದೆ ಒಂದು ನಿಮಿಷವನ್ನು ಅಂದಾಜು ಮಾಡಿದರೆ ಅದು ಎಷ್ಟೋ ಸಲ ಕಮ್ಮಿ ಆಗುತ್ತದೆ, ಮೊಬೈಲ್‌ನಲ್ಲಿ ಟೈಮ್ ಇಟ್ಟುಕೊಳ್ಳಿ. ಬಲ ಹಾಕಿ ಒತ್ತಿಸಬಾರದು, ಹಾಗೆ ಒತ್ತಿದರೆ ಯಾರಿಗಾದರೂ ಮಣಿಕಟ್ಟು ನೋಯುತ್ತದೆ, ಬರೀ ಮಣಿಕಟ್ಟಿನ ನೋವು ಪಾಸಿಟಿವ್ ಅಲ್ಲ. ಹಿಂಗೈ ತಾಗಿಸಿ ಕೂತಾಗ ಮೊಣಕೈಯೂ ಮಡಚಿರುತ್ತದೆ, ಅಲ್ಲಿ ಕಿರುಬೆರಳಿನ ನರ ಎಳೆತಕ್ಕೆ ಸಿಗುತ್ತದೆ, ಅದರಿಂದ ಕಿರುಬೆರಳು ಜುಮ್ ಅಂದರೆ ತೊಂದರೆ ಮೊಣಕೈಯದ್ದಿರಬಹುದು, ಮಣಿಕಟ್ಟಿನದ್ದಲ್ಲ. ಅದಕ್ಕೇ ಯಾವ ಬೆರಳು ಎಂದು ಕೇಳಲೇಬೇಕು. ಕೇಳುವ ರೀತಿಯೂ ಮುಖ್ಯ. "ಜುಮ್ ಅಂತಿದೆ ಅಲ್ವಾ?" ಎಂದರೆ ನಮ್ಮ ಜನ ಡಾಕ್ಟರ ಮಾತು ತೆಗೆದುಹಾಕಬಾರದು ಎಂದು ಹೌದು ಅಂದುಬಿಡುತ್ತಾರೆ. "ಏನಾಗ್ತಿದೆ? ಎಲ್ಲಿ?" ಎಂದು ಕೇಳಿ ಸುಮ್ನೆ ಕಾಯಬೇಕು.

ಎರಡನೆಯದು ಟಿನೆಲ್. ಮಣಿಕಟ್ಟಿನ ಮೇಲೆ ನರ ಇರುವ ಜಾಗದಲ್ಲಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟುವುದು. ಕರೆಂಟ್ ಹೊಡೆದ ಹಾಗೆ ಬೆರಳಿಗೆ ಹರಿದರೆ ಪಾಸಿಟಿವ್. ಜೂಲ್ಸ್ ಟಿನೆಲ್ ಫ್ರಾನ್ಸಿನ ನರವೈದ್ಯ. ಅವರು 1915ರಲ್ಲಿ ಇದನ್ನು ಬರೆದದ್ದು ಕಾರ್ಪಲ್ ಟನೆಲ್‌ಗಾಗಿ ಅಲ್ಲ. ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರ ತುಂಡಾದ ನರ ಮತ್ತೆ ಬೆಳೆಯುತ್ತಿದೆಯೇ ಎಂದು ತಿಳಿಯಲು. ಅದೇ ವರ್ಷ ಎದುರು ಪಾಳಯದ ಜರ್ಮನಿಯಲ್ಲಿ ಪೌಲ್ ಹಾಫ್‌ಮನ್ ಕೂಡ ಇದನ್ನೇ ಕಂಡುಕೊಂಡಿದ್ದರು. ಮಣಿಕಟ್ಟಿನ ಕಾಯಿಲೆಗೆ ಇದನ್ನು ಬಳಕೆಗೆ ತಂದವರಲ್ಲಿ ಫೇಲನ್ ಮುಖ್ಯರು. ಬೇರೆ ಕೆಲಸಕ್ಕೆ ಹುಟ್ಟಿದ ಪರೀಕ್ಷೆ ಆದ್ದರಿಂದಲೋ ಏನೋ, ಇಲ್ಲಿ ಅದು ಅಷ್ಟು ಗಟ್ಟಿ ಅಲ್ಲ. ಜೋರಾಗಿ ಸುತ್ತಿಗೆಯಲ್ಲಿ ಬಡಿದರೆ ಆರೋಗ್ಯವಂತರಿಗೂ ಜುಮ್ ಅನ್ನುತ್ತದೆ. ಇದೊಂದನ್ನೇ ಮಾಡಿ ಇದೆ ಅಥವಾ ಇಲ್ಲ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಮೂರನೆಯದು ನನಗೆ ಜಾಸ್ತಿ ಇಷ್ಟ. ಜಾನ್ ಡರ್ಕನ್ ಎಂಬ ವೈದ್ಯರು 1991ರಲ್ಲಿ ಹೇಳಿದ್ದು. ಮಣಿಕಟ್ಟಿನ ಮಡಿಕೆಯಿಂದ ಸ್ವಲ್ಪ ಅಂಗೈ ಕಡೆಗೆ, ನರದ ಮೇಲೆ ನೇರವಾಗಿ ಎರಡೂ ಹೆಬ್ಬೆರಳಿನಿಂದ ಒಂದೇ ಸಮ 30 ಸೆಕೆಂಡ್ ಒತ್ತಿ ಹಿಡಿಯುವುದು. ಮಣಿಕಟ್ಟು ಮಡಚಲು ಆಗದವರಿಗೂ ಇದನ್ನು ಮಾಡಬಹುದು. ಕೀಲುವಾತದವರು, ಹಿಂದೆ ಮಣಿಕಟ್ಟು ಮುರಿದು ಬಿಗಿಯಾದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಡರ್ಕನ್ ತಮ್ಮ ಅಧ್ಯಯನದಲ್ಲಿ ಕಾಯಿಲೆ ಇದ್ದ 100 ಕೈಗಳಲ್ಲಿ 87ನ್ನು ಇದು ಹಿಡಿಯುತ್ತದೆ, ಇಲ್ಲದ 100ರಲ್ಲಿ 90ಕ್ಕೆ ಇಲ್ಲ ಎಂದೇ ಸರಿಯಾಗಿ ಹೇಳುತ್ತದೆ ಎಂದು ಬರೆದರು. ಆದರೆ 2004ರಲ್ಲಿ ಮ್ಯಾಕ್‌ಡರ್ಮಿಡ್ ಮತ್ತು ವೆಸೆಲ್ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಈ ಲೆಕ್ಕ 64 ಮತ್ತು 83ಕ್ಕೆ ಇಳಿಯಿತು. ಫೇಲನ್‌ಗೆ 68 ಮತ್ತು 73. ಟಿನೆಲ್‌ಗೆ 50 ಮತ್ತು 77. ಅಂದರೆ ಟಿನೆಲ್ ಒಂದನ್ನೇ ನಂಬಿದರೆ ಕಾಯಿಲೆ ಇರುವ ಇಬ್ಬರಲ್ಲಿ ಒಬ್ಬರನ್ನು ಏನೂ ಇಲ್ಲ ಎಂದು ಮನೆಗೆ ಕಳಿಸುತ್ತೇವೆ.

2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಇನ್ನೂ ಕಟುವಾಗಿತ್ತು. ಫೇಲನ್, ಟಿನೆಲ್ ಎರಡರಿಂದಲೂ ಹೆಚ್ಚು ಉಪಯೋಗ ಇಲ್ಲ, ಅದಕ್ಕಿಂತ ಮೂರು ವಿಷಯ ನೋಡಿ ಎಂದಿತು. ಒಂದು, ರೋಗಿಯೇ ಕೈಯ ಚಿತ್ರದ ಮೇಲೆ ಗುರುತು ಹಾಕಿದ ಜೋಮಿನ ಜಾಗ. ಇನ್ನೊಂದು, ತೋರುಬೆರಳಲ್ಲಿ ಚುಚ್ಚಿದ್ದು ಕಿರುಬೆರಳಿಗಿಂತ ಕಮ್ಮಿ ಗೊತ್ತಾಗುವುದು. ಮತ್ತೊಂದು ಹೆಬ್ಬೆರಳಿನ ಶಕ್ತಿ. ಹಿಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲೆ ಮಾಡಿ, ಹೆಬ್ಬೆರಳನ್ನು ನೇರ ಸೂರಿನ ಕಡೆಗೆ ಎತ್ತಲು ಹೇಳಿ, ನೀವು ಅದನ್ನು ಕೆಳಕ್ಕೆ ಒತ್ತಿ ನೋಡಿ. ಎರಡೂ ಕೈ ಹೋಲಿಸಿ. ಇದನ್ನು ಕಲಿಯಲು ಐದು ನಿಮಿಷ ಸಾಕು. ನರ್ಸ್ ಮಾಡಬಹುದು, ನಾನು ಮಾಡಬಹುದು, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಯಾರು ಬೇಕಾದರೂ ಮಾಡಬಹುದು.

ಹಾಗಾದರೆ ಯಾವುದನ್ನು ನಂಬುವುದು? ಒಂದನ್ನೇ ನಂಬಬೇಡಿ, ಒಟ್ಟು ಸೇರಿಸಿ. 2006ರಲ್ಲಿ ಗ್ರಹಾಂ ಎಂಬ ವೈದ್ಯರು ಸಿಟಿಎಸ್-6 ಎಂಬ ಲೆಕ್ಕ ಮಾಡಿಕೊಟ್ಟರು. ಆ ನರದ ಬೆರಳುಗಳಲ್ಲಿ ಜೋಮು ಇದ್ದರೆ 3.5 ಅಂಕ. ರಾತ್ರಿ ಜೋಮಿಗೆ 4. ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ ಅಥವಾ ಶಕ್ತಿ ಕಮ್ಮಿ ಇದ್ದರೆ 5. ಫೇಲನ್ ಪಾಸಿಟಿವ್ ಆದರೆ 5. ಹತ್ತಿರದ ಎರಡು ಚುಕ್ಕೆಗಳ ಸ್ಪರ್ಶ ಬೇರೆ ಬೇರೆ ಎಂದು ಗೊತ್ತಾಗದಿದ್ದರೆ 4.5. ಟಿನೆಲ್‌ಗೆ 4. ಒಟ್ಟು 26. ಅದರಲ್ಲಿ 12 ದಾಟಿದರೆ ಕಾಯಿಲೆ ಇರುವ ಸಾಧ್ಯತೆ 100ಕ್ಕೆ 80. ಅಮೆರಿಕದ ಮೂಳೆ ಸರ್ಜನ್‌ಗಳ ಅಕಾಡೆಮಿ 2024ರ ತನ್ನ ಮಾರ್ಗಸೂಚಿಯಲ್ಲಿ, ಎಲ್ಲರಿಗೂ ನರದ ಕರೆಂಟ್ ಟೆಸ್ಟ್ (ನರದಲ್ಲಿ ಸಂದೇಶ ಎಷ್ಟು ಬೇಗ ಹೋಗುತ್ತದೆ ಎಂದು ಅಳೆಯುವುದು) ಅಥವಾ ಅಲ್ಟ್ರಾಸೌಂಡ್ ಮಾಡಿಸುವ ಬದಲು ಈ ಲೆಕ್ಕದಿಂದಲೇ ಕಾಯಿಲೆ ಗುರುತಿಸಬಹುದು ಎಂದಿದೆ. ಅಷ್ಟು ದುಡ್ಡಿರುವ ದೇಶದವರೇ ಕೈ ಮುಟ್ಟಿ ನೋಡಿದರೆ ಸಾಕು ಅನ್ನುವಾಗ, ಕೆ.ಆರ್.ಪೇಟೆಯಿಂದಲೋ ಮಳವಳ್ಳಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಮೈಸೂರಿಗೆ ಬರುವ ಹೆಣ್ಣುಮಗಳಿಗೆ ನಾವು ಮೊದಲೇ ಸ್ಕ್ಯಾನ್ ಬರೆದುಕೊಡುವುದು ನ್ಯಾಯವೇ?

ಕರೆಂಟ್ ಟೆಸ್ಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಕೈಯ ಪರೀಕ್ಷೆಯಲ್ಲಿ ಅನುಮಾನ ಉಳಿದರೆ, ಬೇರೆ ನರದ ತೊಂದರೆಯೂ ಇದ್ದ ಹಾಗೆ ಕಂಡರೆ, ಆಪರೇಷನ್ ಬೇಕೇ ಎಂಬ ಪ್ರಶ್ನೆ ಬಂದರೆ ಅದು ಬಹಳ ಸಹಾಯ ಮಾಡುತ್ತದೆ. ಆದರೆ ಅದೂ ದೇವರ ಮಾತಲ್ಲ. ನಿಜವಾಗಿ ಕಾಯಿಲೆ ಇರುವ ಕೆಲವರಲ್ಲಿ ರಿಪೋರ್ಟ್ ನಾರ್ಮಲ್ ಬರುತ್ತದೆ. ಇದರ ಉಲ್ಟಾ ಆಗುವುದೂ ಇದೆ. 1999ರಲ್ಲಿ ಸ್ವೀಡನ್‌ನಲ್ಲಿ ಮಾಡಿದ ಅಧ್ಯಯನದಲ್ಲಿ ಜೋಮು ಗೀಮು ಏನೂ ಇಲ್ಲದ 125 ಜನರಿಗೆ ಈ ಟೆಸ್ಟ್ ಮಾಡಿದರೆ 100ಕ್ಕೆ 18ರ ಲೆಕ್ಕದಲ್ಲಿ ನರ ನಿಧಾನ ಎಂದು ಬಂತು! ಅದೇ ಅಧ್ಯಯನದಲ್ಲಿ ಕೈ ನೋವು, ಜೋಮು ಇದೆ ಎಂದವರು 100ಕ್ಕೆ 14 ಜನ, ವೈದ್ಯರು ಪರೀಕ್ಷಿಸಿ ಕಾರ್ಪಲ್ ಟನೆಲ್ ಎಂದು ಖಚಿತವಾಗಿ ಹೇಳಿದ್ದು 4 ಜನರೊಳಗೆ. ಹಾಗಾಗಿ ಜೋಮು ಅಂದ ಕೂಡಲೇ ಕಾರ್ಪಲ್ ಟನೆಲ್ ಎಂದು ಹಣೆಪಟ್ಟಿ ಹಚ್ಚುವುದೂ ತಪ್ಪು. ಶುಗರ್‌ನಿಂದ ಬರುವ ಜೋಮು ಸಾಮಾನ್ಯವಾಗಿ ಮೊದಲು ಪಾದದಲ್ಲಿ ಶುರುವಾಗುತ್ತದೆ. ಕತ್ತಿನಿಂದ ಬರುವುದಾದರೆ ಕತ್ತು ತಿರುಗಿಸಿದಾಗ, ಹಿಂದಕ್ಕೆ ಬಾಗಿಸಿದಾಗ ನೋವು ಭುಜದಿಂದ ತೋಳಿಗೆ ಇಳಿಯುತ್ತದೆ.

ಕತ್ತಿನ ಎಂಆರ್‌ಐ ಬಗ್ಗೆ ಒಂದು ಮಾತು ಹೇಳಲೇಬೇಕು. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕತ್ತನ್ನು ಸ್ಕ್ಯಾನ್ ಮಾಡಿದರು, 2015ರಲ್ಲಿ ಅದು ಪ್ರಕಟವಾಯಿತು. 100ಕ್ಕೆ 87ಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿತ್ತು. ಅಂದರೆ ಸ್ಕ್ಯಾನ್ ಮಾಡಿದರೆ ಬಹುಪಾಲು ಜನರಲ್ಲಿ ಡಿಸ್ಕ್ ಉಬ್ಬಿದೆ ಎಂದು ಬಂದೇ ಬರುತ್ತದೆ. ಆಮೇಲೆ ಜೋಮಿಗೆಲ್ಲ ಅದೇ ಕಾರಣ ಆಗಿಬಿಡುತ್ತದೆ. ಕತ್ತಿಗೆ ಪಟ್ಟಿ, ಕತ್ತಿಗೆ ಎಳೆತ, ದಿಂಬು ಬದಲಿಸಿ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೀಗೇ ತಿಂಗಳುಗಟ್ಟಲೆ ಕತ್ತಿಗೆ ಚಿಕಿತ್ಸೆ ಮಾಡಿಸಿಕೊಂಡ ಹೆಣ್ಣುಮಗಳೊಬ್ಬರು ನನ್ನ ಹತ್ತಿರ ಬಂದಾಗ ಬಲಗೈ ಹೆಬ್ಬೆರಳ ಬುಡದ ಉಬ್ಬು ಇಳಿದು ಗುಳಿ ಬಿದ್ದಿತ್ತು. ಬ್ಲೌಸ್ ಹೊಲಿದು ಮನೆ ನಡೆಸುವವರು. ಹುಕ್ ಹಾಕಲು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಆ ಗುಳಿ ಕಾಣುವ ಹೊತ್ತಿಗೆ ನರ ಬಹಳ ದಿನದಿಂದ ಸಾಯುತ್ತಿದೆ ಎಂದು ಅರ್ಥ, ಆಮೇಲೆ ಆಪರೇಷನ್ ಮಾಡಿ ಮಣಿಕಟ್ಟಿನ ಆ ಗಟ್ಟಿ ಪಟ್ಟಿ ಬಿಡಿಸಿದರೂ ಜೋಮು ಹೋಗಬಹುದು, ಕರಗಿದ ಮಾಂಸ ಪೂರ್ತಿ ಬರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಶುರುವಿನಲ್ಲೇ ಗೊತ್ತಾಗಿದ್ದರೆ ರಾತ್ರಿ ಮಣಿಕಟ್ಟನ್ನು ನೇರ ಹಿಡಿಯುವ ಸ್ಪ್ಲಿಂಟ್, ಬೇಕಾದರೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಥೈರಾಯ್ಡ್ ಮತ್ತು ಶುಗರ್ ನೋಡಿ ಸರಿಮಾಡುವುದು, ಇಷ್ಟರಲ್ಲೇ ಎಷ್ಟೋ ಜನಕ್ಕೆ ಹಗುರ ಆಗುತ್ತದೆ. ಬಸುರಿಯರಲ್ಲಂತೂ ಹೆರಿಗೆ ಆದ ಮೇಲೆ ಬಹುಪಾಲು ಜನಕ್ಕೆ ತಾನಾಗೇ ಇಳಿಯುತ್ತದೆ.

ಸರ್ಕಾರಿ ಡಾಕ್ಟರುಗಳ ಕಷ್ಟ ನನಗೆ ಗೊತ್ತಿದೆ. ಬೆಳಗ್ಗೆ ಒಪಿಡಿ ಸಾಲು ಗೇಟಿನವರೆಗೆ ಇರುತ್ತದೆ, ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗುವುದೂ ಕಷ್ಟ. ಅದಕ್ಕೇ ಒಂದು ಸಲಹೆ. ಸಾಲಿನಲ್ಲಿ ಕಾಯುವಾಗಲೇ ಅರ್ಧ ಪರೀಕ್ಷೆ ಮುಗಿಯಬಹುದು. ಕೈಯ ಚಿತ್ರ ಇರುವ ಒಂದು ಹಾಳೆ, ಒಂದು ಪೆನ್ ಕೊಟ್ಟು ಜೋಮು ಹಿಡಿಯುವ ಜಾಗಕ್ಕೆ ಗೀಟು ಹಾಕಿಸಿ. ಕ್ಯಾಟ್ಜ್ ಎಂಬ ವೈದ್ಯರು 1990ರಲ್ಲೇ ತೋರಿಸಿಕೊಟ್ಟ ದಾರಿ ಇದು. ಓದು ಬರಹ ಬಾರದವರೂ ಮಾಡಬಹುದು. ಆ ಹಾಳೆ ಕೈಯಲ್ಲಿದ್ದರೆ ಡಾಕ್ಟರು ನೋಡಿದ ಕೂಡಲೇ ಮೂರು ಬೆರಳಿನದೋ, ಕಿರುಬೆರಳಿನದೋ, ಇಡೀ ಕೈಯದೋ ಗೊತ್ತಾಗುತ್ತದೆ, ಉಳಿದ ಎರಡು ನಿಮಿಷದಲ್ಲಿ ಫೇಲನ್ ಒಂದು, ಡರ್ಕನ್ ಒಂದು, ಹೆಬ್ಬೆರಳ ಬಲ ಒಂದು ನೋಡಿ ಮುಗಿಸಬಹುದು. ಮಂಡ್ಯದ ಮಿಮ್ಸ್ ಮೆಡಿಕಲ್ ಕಾಲೇಜು, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಕಡೆ ಕಲಿಯುವ ಮಕ್ಕಳಿದ್ದಾರೆ. ಗಡಿಯಾರ ಹಿಡಿದು ಈ ಒಂದು ನಿಮಿಷ ನಿಲ್ಲುವ ಕೆಲಸವನ್ನು ಅವರಿಗೆ ಒಪ್ಪಿಸಿದರೆ ರೋಗಿಗೂ ಒಳ್ಳೆಯದು, ಅವರಿಗೂ ಪಾಠ.

ಓದುಗರು ಇದನ್ನು ಮನೆಯಲ್ಲಿ ಮಾಡಿ ನೋಡಬಹುದೇ? ಮಾಡಿ ನೋಡಿ, ಆದರೆ ನೀವೇ ತೀರ್ಮಾನಕ್ಕೆ ಬರಬೇಡಿ. ಬೆರಳು ಆಗಲೇ ಪೂರ್ತಿ ಮರಗಟ್ಟಿದ್ದರೆ ಫೇಲನ್‌ನಲ್ಲಿ ಹೊಸದಾಗಿ ಏನೂ ಗೊತ್ತಾಗದೇ ಇರಬಹುದು, ಅದು ಒಳ್ಳೆಯ ಸುದ್ದಿ ಅಲ್ಲ. ಬಿದ್ದು ಮಣಿಕಟ್ಟು ಮುರಿದು ಪಟ್ಟಿ ಹಾಕಿಸಿಕೊಂಡ ಮೇಲೆ ಬೆರಳು ಜೋಮು ಏರುತ್ತಾ ಹೋಗಿ, ತಡೆಯಲಾರದ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ.

ಸಂಪಾದಕರೇ, ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಆರೋಗ್ಯ ಪುಟದಲ್ಲಿ ಎರಡೂ ಕೈಗಳ ಅಂಗೈ ಮತ್ತು ಹಿಂಗೈಯ ಬರೀ ಗೆರೆಯ ಚಿತ್ರವನ್ನು ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿ. ಬಣ್ಣ ಬೇಡ, ಪಕ್ಕದಲ್ಲಿ ಜಾಹೀರಾತು ಬೇಡ. ಕೆಳಗೆ ಮೂರು ಪ್ರಶ್ನೆ ಇರಲಿ: ಎಲ್ಲಿ ಜೋಮು, ಯಾವ ಹೊತ್ತಿನಲ್ಲಿ, ಎಷ್ಟು ದಿನದಿಂದ. ಜನ ಅದನ್ನು ಕತ್ತರಿಸಿ, ಗೀಟು ಹಾಕಿ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಡಚಿಕೊಂಡು ಹೋಗಲಿ. ಚಿತ್ರ ಬೇಕಾದರೆ ನಾನೇ ಬರೆದು ಕಳಿಸುತ್ತೇನೆ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್, ಮಂಡ್ಯ